ಬಫಾತ್ ಪ್ಯಾಕೆಟಿನ ಮೇಲಿನ ಮುಖ

ಕುಲಶೇಖರ, ಮಂಗಳೂರು
19 ಜನವರಿ 2025, ಆದಿತ್ಯವಾರ

ರೇಚಲ್ ಮಗಳಿಗೆ,

ಸಿಸ್ಟರ್ ಅಂತ ಬರೆಯಬೇಕಿತ್ತೋ ಏನೋ. ಕವರಿನ ಮೇಲೆ ಹಾಗೇ ಬರೆದಿದ್ದೇನೆ, ಒಳಗೆ ಕೈ ಬರಲಿಲ್ಲ. ಅಲ್ಲಿಗೆ ಬಂದ ಕಾಗದ ನಿಮ್ಮ ಮದರ್ ಮೊದಲು ಓದುವುದಂತೆ. ಅವರಿಗೆ ಬೇಜಾರಾದರೆ ತಪ್ಪು ನಿಮ್ಮ ಮನೆ ಹಿಂದಿನ ನೋಣಯ್ಯ ಮಾಮನದ್ದು ಅಂತ ಹೇಳು.

ಮಮ್ಮಿ ಗಟ್ಟಿ ಇದ್ದಾರೆ. ಇದನ್ನು ಎಲ್ಲಕ್ಕಿಂತ ಮೇಲೆ ಬರೆಯಬೇಕಿತ್ತು. ನೀನು ಆ ಘಟ್ಟದ ಮೇಲಿನ ಕ್ಲೋಸ್ಟರ್ ಕಾನ್ವೆಂಟಿಗೆ ಸೇರಿ ಒಂಬತ್ತು ವರ್ಷ ಆಯ್ತು, ನಾನು ಒಂದು ಗೆರೆ ಬರೆದವನಲ್ಲ. ಈಗ ಕಾಗದ ಬಂತು ಅಂದ ಕೂಡಲೇ ನೀನು ಏನೋ ಕೆಟ್ಟದಾಯ್ತು ಅಂತ ಗ್ರಹಿಸುವೆ ಅಂತ ನಿನ್ನೆಯಿಂದ ನನಗೆ ತಲೆಬಿಸಿ. ಏನೂ ಆಗಲಿಲ್ಲ.

ಬರೆಯಲಿಕ್ಕೆ ಹೇಳಿದ್ದೇ ನಿನ್ನ ಮಮ್ಮಿ, ನಮ್ಮ ಲಿಲ್ಲಿ ಬಾಯಮ್ಮ. ನೇರ ಹೇಳಲಿಲ್ಲ, ಅವರ ಸ್ವಭಾವ ನಿನಗೆ ಗೊತ್ತುಂಟಲ್ಲ. ಮೊನ್ನೆ ನಮ್ಮ ಬೇಲಿ ಹತ್ತಿರ ಬಂದು ನಿಂತರು. ಬಫಾತ್ ಮಸಾಲೆ ಹುಡಿ ತುಂಬಿಸುವ ಪ್ಲಾಸ್ಟಿಕ್ ಲಕೋಟೆಗೆ ಅವರು ಈಗಲೂ ಒಳಗೊಂದು ಚೀಟಿ ಹಾಕಿ ಮೇಣದಬತ್ತಿಯಲ್ಲಿ ಬಾಯಿ ಅಂಟಿಸುವುದು. ಮೆಣಸಿನ ಎಣ್ಣೆ ಕುಡಿದು ಚೀಟಿ ಕೆಂಪಾಗ್ತದೆ, ಹೆಸರು ಕಾಣುವುದಿಲ್ಲ. ಅಂಗಡಿಯವರು ಕಿರಿಕಿರಿ ಮಾಡ್ತಾರಂತೆ. (ನಾವು ಮಾತಾಡುವುದು ತುಳುವಿನಲ್ಲಿ, ನಾನು ಕನ್ನಡ ಮಾಡಿ ಬರೆಯುವುದು.)

"ನಿಮ್ಮ ಫ್ಯಾಕ್ಟ್ರಿಯಲ್ಲಿ ಒಂದು ಪ್ರಿಂಟ್ ಆಗ್ತದಾ ನೋಣಯ್ಯಣ್ಣ?"

"ಆಗ್ತದೆ ಬಾಯಮ್ಮ. ಎಂತ ಹಾಕ್ಬೇಕು?"

"ರೇಚಲ್ ಬಫಾತ್ ಅಂತ. ಮತ್ತೆ ಆ ಫೋಟೊ."

ಆ ಫೋಟೊ ಅಂದರೆ ಇಗರ್ಜಿಯಲ್ಲಿ ನಿನ್ನ ಫಸ್ಟ್ ಕಮ್ಯುನಿಯನ್ ಆದ ದಿನದ್ದು. ಬಿಳಿ ಫ್ರಾಕು, ಮುಂದಿನ ಹಲ್ಲು ಬಿದ್ದಿದೆ, ಆದರೂ ಬಾಯಿ ತೆರೆದು ನಗಾಡಿದ್ದಿ.

"ಅವಳಿಗೊಂದು ಮಾತು ಕೇಳ್ಬೇಕಲ್ಲ," ಅಂದೆ.

"ಬೇಕಾದ್ರೆ ನೀವು ಕೇಳಿ. ಅವರಿಗೆಲ್ಲ ಫೋಟೊ ಆಗ್ಲಿಕ್ಕಿಲ್ಲವೇನೋ. ಬೇಡ ಅಂದ್ರೆ ಬೇಡ. ನಾನಂತೂ ಕೇಳುವುದಿಲ್ಲ."

ನಿನ್ನ ಕಿನ್ನಿ ಮಾಮಿ ಒಳಗಿನಿಂದಲೇ ಹೇಳಿದಳು, "ಹೆತ್ತವರು ಬಾಯಿ ಬಿಡುವುದಿಲ್ಲ, ನೆರೆಕರೆಯವ ಟಪಾಲಿಗೆ ಓಡ್ಬೇಕು." ಬಾಯಮ್ಮನಿಗೆ ಕೇಳಲಿ ಅಂತಲೇ ಹೇಳಿದ್ದು. ಬಾಯಮ್ಮ ನಗಾಡಿದರು. ನಗಾಡಿದ್ದು ನೋಡಿ ನನಗೆ ಧೈರ್ಯ ಬಂತು.

ನಮ್ಮ ಕೆಲಸ ಎಂತದ್ದು ಅಂತ ನಿನಗೆ ಗೊತ್ತಿರಲಿಕ್ಕಿಲ್ಲ. ಬೈಕಂಪಾಡಿಯಲ್ಲಿ ಪ್ಲಾಸ್ಟಿಕ್ ಫಿಲ್ಮಿಗೆ ಪ್ರಿಂಟ್ ಹೊಡೆಯುವ ಸಣ್ಣ ಫ್ಯಾಕ್ಟ್ರಿ, ಮುಝಮ್ಮಿಲ್ ಸರ್ ಅಂತ ಯಜಮಾನರು. ಪ್ಲಾಸ್ಟಿಕ್ಕಿನ ಮೈ ಕೆಸುವಿನ ಎಲೆಯ ಹಾಗೆ, ಶಾಯಿ ಹಾಕಿದರೆ ಉರುಳಿ ಹೋಗ್ತದೆ, ಹಿಡಿಯುವುದಿಲ್ಲ. ಹಾಗಾಗಿ ಪ್ರಿಂಟಿನ ಮೊದಲು ಫಿಲ್ಮನ್ನು ಟ್ರೀಟರ್ ಅಂತ ಒಂದು ಮೆಶಿನಿನ ಅಡಿಯಿಂದ ದಾಟಿಸ್ತೇವೆ. ಅದರಲ್ಲಿ ದೊಡ್ಡ ಕರೆಂಟು, ನೀಲಿ ಬೆಳಕು ಚರಚರ ಅಂತ ಫಿಲ್ಮಿನ ಮೇಲೆ ಓಡ್ತದೆ, ಸಿಡಿಲು ಹೊಡೆದ ಮೇಲೆ ಬರುವ ವಾಸನೆ ಬರ್ತದೆ. ಆಮೇಲೆ ಶಾಯಿ ಹಿಡಿಯುತ್ತದೆ. ಆ ಟ್ರೀಟರ್ ನೋಡಿಕೊಳ್ಳುವವ ನಾನು. ಅದರ ಪೂರ್ತಿ ಹೆಸರು ಕರೋನಾ ಟ್ರೀಟರ್. ಲಾಕ್‌ಡೌನಿನಲ್ಲಿ ಕಿನ್ನಿ ಯಾರಿಗೋ "ನಮ್ಮವರು ಕರೋನಾದಲ್ಲಿ ಇರುವುದು" ಅಂತ ಹೇಳಿ, ಹದಿನೈದು ದಿನ ನಮಗೆ ಯಾರೂ ಹಾಲು ಕೊಡಲಿಲ್ಲ.

ಫೋಟೊ ಆಗ್ತದಾ ಇಲ್ಲವಾ, ಒಂದು ಗೆರೆ ಸಾಕು.

ನಿನ್ನ,
ನೋಣಯ್ಯ ಮಾಮ


8 ಫೆಬ್ರವರಿ 2025

ಪ್ರೀತಿಯ ನೋಣಯ್ಯ ಮಾಮ,

ನಿಮ್ಮ ಕಾಗದವನ್ನು ಮದರ್ ನಗುತ್ತಲೇ ಕೊಟ್ಟರು. ಮಗಳು ಎಂದು ಬರೆದದ್ದಕ್ಕೆ ಅವರಿಗೆ ಬೇಜಾರಿಲ್ಲ.

ಫೋಟೊ ಹಾಕಿ. ಮದರ್ ಅನುಮತಿ ಕೊಟ್ಟಿದ್ದಾರೆ. ಮಮ್ಮಿಗೆ ನಾನು ಬರೆದ ಯಾವ ಕಾಗದಕ್ಕೂ ಈವರೆಗೆ ಉತ್ತರ ಬಂದಿಲ್ಲ. ನಾನು ಹೊರಡುವ ದಿನ ಗೇಟಿನಲ್ಲಿ ಅವರು "ನೀನು ಹೋಗು, ನಾನು ಬರುವುದಿಲ್ಲ" ಎಂದಿದ್ದರು. ಆ ಮಾತಿನ ಮೇಲೆಯೇ ನಿಂತಿದ್ದಾರೆ. ಈಗ ನಿಮ್ಮ ಬಾಯಿಂದಲಾದರೂ ಒಂದು ಪ್ರಶ್ನೆ ಬಂತು. ಹೌದು ಎಂದು ಬರೆಯುವುದೇ ನನಗೆ ಹಬ್ಬ.

ಇನ್ನೊಂದು ವಿಷಯ. ಮೇ 31ಕ್ಕೆ ನನ್ನ ಕೊನೆಯ ವ್ರತ. ಅದಾದ ಮೇಲೆ ನಾನು ಪೂರ್ತಿ ಇಲ್ಲಿಯವಳು. ಆ ದಿನದ ಪೂಜೆಗೆ ಮನೆಯವರು ಬರಬಹುದು. ನಾವು ಜಾಲರಿಯ ಈಚೆ ಇರುತ್ತೇವೆ, ಆಚೆ ಮೊದಲ ಬೆಂಚು ಮನೆಯವರಿಗೆ. ನನಗೆ ಡ್ಯಾಡಿ ಇಲ್ಲ, ಒಡಹುಟ್ಟಿದವರಿಲ್ಲ. ಆ ಬೆಂಚಿನಲ್ಲಿ ಮಮ್ಮಿ ಒಬ್ಬರೇ ಕೂರಬೇಕು. ನೀವೂ ಕಿನ್ನಿ ಮಾಮಿಯೂ ಜೊತೆಗೆ ಬಂದರೆ ಬೆಂಚು ತುಂಬುತ್ತದೆ. ಮಮ್ಮಿಗೂ ಬರೆದಿದ್ದೇನೆ. ನೀವೊಂದು ಮಾತು ಹೇಳಿ.

ಇನ್ನು ಈಸ್ಟರಿಗೆ ಮುಂಚಿನ ತಪಸ್ಸು ಕಾಲ, ಅದರ ಬೆನ್ನಿಗೆ ವ್ರತಕ್ಕೆ ಮುಂಚಿನ ಮೌನ. ನಿಮ್ಮ ಕಾಗದ ನನಗೆ ತಲುಪುತ್ತದೆ, ನನ್ನ ಉತ್ತರ ಮಾತ್ರ ವ್ರತ ಮುಗಿದ ಮೇಲೆಯೇ.

ಪ್ರಾರ್ಥನೆಯಲ್ಲಿ ನೆನೆಯುವ,
ರೇಚಲ್


ಕುಲಶೇಖರ
2 ಮಾರ್ಚ್ 2025

ರೇಚಲ್ ಮಗಳೇ,

ಬಾಯಮ್ಮ ಬರ್ತಾರೆ.

ಇದನ್ನು ಈ ಸಲ ಮೇಲೆಯೇ ಬರೆದೆ. ನಿನ್ನ ಕಾಗದ ಅವರ ಕೈಗೆ ಕೊಟ್ಟೆ. ನನಗೆ ಬಂದ ಕಾಗದವನ್ನೂ ಅವರು ಕೇಳಿ ತಕ್ಕೊಳ್ತಾರೆ, ಎರಡೆರಡು ಸಲ ಓದ್ತಾರೆ, ಅವರಿಗೆ ಬಂದದ್ದನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ಐದನೇ ದಿನ ಮೆಣಸು ಹುರಿಯುತ್ತಾ ಇದ್ದರು, ನಾನು ಕೆಮ್ಮುತ್ತಾ ಬಾಗಿಲಲ್ಲಿ ನಿಂತಿದ್ದೆ.

"ಪ್ಯಾಕೆಟ್ ಯಾವಾಗ ಆಗ್ತದೆ?"

"ಏಪ್ರಿಲಿಗೆ ಆಗ್ತದೆ."

"ಮೇ ತಿಂಗಳಿಗೆ ನನ್ನ ಕೈಯಲ್ಲಿ ಇರ್ಬೇಕು. ಅಲ್ಲಿಗೆ ಬರಿಗೈಯಲ್ಲಿ ಹೋಗ್ಲಿಕ್ಕೆ ಆಗುವುದಿಲ್ಲ."

"ಅವರು ಮಾಂಸ ತಿನ್ನುವುದಿಲ್ಲ ಬಾಯಮ್ಮ, ಬಫಾತ್ ಅವರಿಗೆ ಯಾಕೆ?"

"ಬದನೆಗೆ ಹಾಕ್ಲಿ," ಅಂದರು.

ಕಿನ್ನಿ ಈಗಲೇ ಸೀರೆ ತೆಗೆದಿಟ್ಟಿದ್ದಾಳೆ. ಘಟ್ಟದ ತಿರುವಿನಲ್ಲಿ ನನಗೆ ವಾಂತಿ ಬರ್ತದಲ್ಲ ಅಂತ ನನಗೆ ಈಗಲೇ ಚಿಂತೆ. ಇರಲಿ.

ನನ್ನ ದೊಡ್ಡ ಚಿಂತೆ ಬೇರೆ. ಬಫಾತ್ ಅಂದರೆ ಎಣ್ಣೆ. ಮೆಣಸು, ಜೀರಿಗೆ, ಸಾಸಿವೆ ಎಲ್ಲ ಎಣ್ಣೆ ಬಿಡ್ತದೆ. ಪ್ಯಾಕೆಟ್ ಮುಟ್ಟುವ ಕೈಯಲ್ಲೂ ಎಣ್ಣೆ. ಶಾಯಿ ಗಟ್ಟಿ ಹಿಡಿಯದಿದ್ದರೆ ಅಂಗಡಿಯಲ್ಲಿ ಯಾರಾದರೂ ಹೆಬ್ಬೆರಳಲ್ಲಿ ಒರಸಿದರೆ ನಿನ್ನ ಮುಖ ಹೋಯಿತು. ಬೇರೆಯವರ ಪ್ಯಾಕೆಟಾದರೆ ಹೋಗಲಿ ಅನ್ನಬಹುದು. ಇದು ನಾನು ಹೆಗಲ ಮೇಲೆ ಕೂರಿಸಿಕೊಂಡು ನಂತೂರಿನವರೆಗೆ ನಡೆದ ಮಗುವಿನ ಮುಖ.

ನಮ್ಮಲ್ಲಿ ಒಂದು ಟೆಸ್ಟ್ ಪೆನ್ನು ಉಂಟು. ಟ್ರೀಟ್ ಆದ ಫಿಲ್ಮಿನ ಮೇಲೆ ಅದರಲ್ಲಿ ಗೆರೆ ಎಳೆದರೆ ಗೆರೆ ಗೆರೆಯಾಗಿಯೇ ನಿಲ್ಲಬೇಕು. ಟ್ರೀಟ್ ಸಾಲದಿದ್ದರೆ ಹನಿಹನಿ ಆಗ್ತದೆ. ನಾನು ನೋಡಿದೆ, ನಿಂತಿತು. ಸಾಕು ಅಂತ ಮುಝಮ್ಮಿಲ್ ಸರ್ ಹೇಳಿದರು. ಅವರು ಊಟಕ್ಕೆ ಹೋದ ಮೇಲೆ ನಾನು ಕರೆಂಟಿನ ನಾಬ್ ಇನ್ನೂ ಸ್ವಲ್ಪ ತಿರುಗಿಸಿ ಇಡೀ ರೋಲನ್ನು ಮತ್ತೊಮ್ಮೆ ದಾಟಿಸಿದೆ. ಹೆಚ್ಚಾದರೆ ಒಳ್ಳೆಯದೇ ಅಲ್ವಾ. ಆಮೇಲೆ ಪ್ರಿಂಟ್ ಹೊಡೆದೆವು. ಗಮ್ಟೇಪ್ ಒತ್ತಿ ಹಿಡಿದು ಒಮ್ಮೆಲೇ ಎಳೆದೆ. ಟೇಪಿನಲ್ಲಿ ಒಂದು ಚುಕ್ಕೆ ಶಾಯಿ ಬರಲಿಲ್ಲ. ನಿನ್ನ ಒಂದು ರೆಪ್ಪೆ ಕೂಡ ಅಲ್ಲಾಡಲಿಲ್ಲ.

ರೋಲ್ ಸುತ್ತಿ ಗೋಡೌನಿನಲ್ಲಿ ಇಟ್ಟಿದ್ದೇನೆ. ಲಕೋಟೆ ಕತ್ತರಿಸುವ ಮೆಶಿನ್ ಏಪ್ರಿಲಿನಲ್ಲಿ ಖಾಲಿ ಆಗ್ತದೆ. ತಲೆ ಮೇಲಿನ ಮಾಡು ತಗಡಿನದ್ದು, ಇಲಿಯ ಕಾಟವೂ ಉಂಟು, ಹಾಗಾಗಿ ದಿನಾ ಒಮ್ಮೆ ಹೋಗಿ ನೋಡಿ ಬರ್ತೇನೆ.

ನೋಣಯ್ಯ ಮಾಮ


ಕುಲಶೇಖರ
24 ಏಪ್ರಿಲ್ 2025

ಮಗಳೇ,

ನಿಮ್ಮ ಪಾಸ್ಖ ಹಬ್ಬ, ಈಸ್ಟರ್, ಮುಗಿಯಲಿ ಅಂತ ಕಾದೆ. ಒಳ್ಳೆಯ ಸುದ್ದಿ ಅಲ್ಲ. ಯಾರಿಗೂ ಅನಾರೋಗ್ಯ ಇಲ್ಲ, ಅಷ್ಟು ಮೊದಲು ಹೇಳ್ತೇನೆ.

ಮೊನ್ನೆ ರೋಲ್ ಬಿಚ್ಚಿದೆವು. ಬಿಚ್ಚುವಾಗಲೇ ಶಬ್ದ ಸರಿ ಇರಲಿಲ್ಲ, ಗಾಯದ ಪಟ್ಟಿ ಕೀಳುವ ಹಾಗೆ ಪರಪರ ಅಂತ ಬಂತು. ಫಿಲ್ಮು ತನಗೆ ತಾನೇ ಅಂಟಿಕೊಂಡಿತ್ತು. ಒಂದು ಸುತ್ತಿನ ಪ್ರಿಂಟು ಅದರ ಮೇಲಿನ ಸುತ್ತಿನ ಬೆನ್ನಿಗೆ ಹಿಡಿದು, ಕಿತ್ತು ಬಂದಿತ್ತು. ನಿನ್ನ ಒಂದು ಕಣ್ಣು, ಒಂದು ಕೆನ್ನೆ ಇಲ್ಲ. ಎಷ್ಟು ಬಿಚ್ಚಿದರೂ ಹಾಗೇ.

ಮುಝಮ್ಮಿಲ್ ಸರ್ ಪೆನ್ನಿನಲ್ಲಿ ಗೆರೆ ಎಳೆದು ನೋಡಿದರು. ನನ್ನನ್ನು ನೋಡಿದರು.

"ನೋಣಯ್ಯರೇ, ಎಷ್ಟು ಸಲ ಓಡಿಸಿದ್ದೀರಿ?"

"ಎರಡು ಸಲ ಸರ್."

"ಹೊಟ್ಟೆ ತುಂಬಿದ ಮಗುವಿಗೆ ಯಾರಾದ್ರೂ ಮೂಗು ಹಿಡಿದು ತಿನ್ನಿಸ್ತಾರಾ? ಇಷ್ಟು ಟ್ರೀಟ್ ಮಾಡಿದ್ರೆ ಅದು ಶಾಯಿಯನ್ನು ಮಾತ್ರ ಹಿಡಿಯುವುದಿಲ್ಲ, ಸಿಕ್ಕಿದ್ದನ್ನೆಲ್ಲ ಹಿಡಿಯುತ್ತದೆ. ಅದರ ಮೇಲೆ ಈ ಸೆಕೆ."

ಬೈದದ್ದು ಅಷ್ಟೇ. ಬೇರೆ ಫಿಲ್ಮು ಉಂಟು, ಒಂದು ವಾರದಲ್ಲಿ ಹೊಸತು ಹೊಡೆದು ಕೊಡುವ ಅಂದರು. ಇನ್ನೂ ತಿಂಗಳು ಉಂಟಲ್ಲ ಅಂತ ನಾನೂ ಸಮಾಧಾನ ಮಾಡಿಕೊಂಡು ಬಾಯಮ್ಮನ ಹತ್ತಿರ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಂದು ತುಂಡನ್ನೂ ತೋರಿಸಿದೆ. ತೋರಿಸಬಾರದಿತ್ತು.

ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಮತ್ತೆ ಮಡಚಿದರು.

"ಇನ್ನೊಮ್ಮೆ ಪ್ರಿಂಟ್ ಬೇಡ ನೋಣಯ್ಯಣ್ಣ."

"ಯಾಕೆ? ಒಂದು ವಾರದ ಕೆಲಸ."

"ನಾನು ಇಗರ್ಜಿಯಲ್ಲಿ ಮಾತೆಯ ಹತ್ತಿರ ಹೇಳಿಕೊಂಡಿದ್ದೆ. ಮುಖ ಚಂದ ಬಂದ್ರೆ ಹೋಗ್ತೇನೆ, ಇಲ್ಲದಿದ್ರೆ ಇಲ್ಲ ಅಂತ. ಉತ್ತರ ಬಂತಲ್ಲ."

ನನಗೆ ಈ ಹರಕೆಯ ಸಂಗತಿ ಗೊತ್ತೇ ಇರಲಿಲ್ಲ ಮಗಳೇ. ಗೊತ್ತಿದ್ದರೆ ನಾನು ಆ ನಾಬ್ ಮುಟ್ಟುತ್ತಿದ್ದೆನಾ. ಇದು ಮಾತೆ ಮಾಡಿದ್ದಲ್ಲ, ನಾನು ಮಾಡಿದ್ದು, ಕರೆಂಟು ಹೆಚ್ಚು ಕೊಟ್ಟದ್ದು ಅಂತ ಎಷ್ಟು ಬಿಡಿಸಿ ಹೇಳಿದರೂ ಕೇಳುವುದಿಲ್ಲ. "ನೀವು ಒಳ್ಳೆಯ ಜನ, ನನ್ನನ್ನು ಸಮಾಧಾನ ಮಾಡ್ಲಿಕ್ಕೆ ತಪ್ಪು ನಿಮ್ಮ ಮೇಲೆ ಹಾಕಿಕೊಳ್ತೀರಿ" ಅಂತಾರೆ.

ನೀನು ಉತ್ತರ ಬರೆಯಲಿಕ್ಕಿಲ್ಲ ಅಂತ ಗೊತ್ತುಂಟು. ಆದರೂ ದಿನಾ ಪೋಸ್ಟಿನವಳ ದಾರಿ ನೋಡ್ತೇನೆ. ಇನ್ನೂ ದಿವಸ ಉಂಟು. ಹೇಗಾದರೂ ಕರಕೊಂಡು ಬರ್ತೇನೆ.

ನೋಣಯ್ಯ ಮಾಮ


ಕುಲಶೇಖರ
2 ಜೂನ್ 2025

ಮಗಳೇ,

ನಾವು ಬರಲಿಲ್ಲ ಅಂತ ನಿನಗೆ ಗೊತ್ತಾಗಿದೆ.

ಹಿಂದಿನ ದಿವಸ ಸಂಜೆವರೆಗೂ ನನಗೆ ಆಸೆ ಇತ್ತು. ಕಿನ್ನಿ ಹೋಗಿ ಬಾಯಮ್ಮನ ಎದುರು ಕೂತು ಬೈದಳು. "ನಿಮ್ಮ ಮಗಳಿಗೆ ಮದುವೆ ಆಗಿದ್ರೆ ಪ್ಯಾಕೆಟ್ ಹರಿಯಿತು ಅಂತ ಮನೆಯಲ್ಲಿ ಕೂರ್ತಿದ್ರಾ?" ಅಂತ ಕೇಳಿದಳು. ಅದಕ್ಕೆ ಬಾಯಮ್ಮ ಅವಳಿಗೆ ಚಾ ಮಾಡಿ ಕೊಟ್ಟರು, ಅಷ್ಟೇ. ನಾವಿಬ್ಬರಾದರೂ ಬರಬಹುದಿತ್ತು. ತಾಯಿ ಇಲ್ಲದ ಬೆಂಚಿನಲ್ಲಿ ನಾವು ಹೋಗಿ ಕೂತರೆ ಅದು ನಿನ್ನ ಕಣ್ಣಿಗೆ ಇನ್ನೂ ಹೆಚ್ಚು ಚುಚ್ಚುತ್ತದೇನೋ ಅಂತ ನನಗೆ ಕಂಡಿತು. ಈಗ ಬರಬೇಕಿತ್ತು ಅಂತ ಕಾಣ್ತದೆ. ನನಗೆ ಯಾವಾಗಲೂ ಹೀಗೇ.

ಶನಿವಾರ ಬೆಳಿಗ್ಗೆ ಬಾಯಮ್ಮ ಇಗರ್ಜಿಗೆ ಹೋಗಿ ಬಂದರು. ಬಂದು ಕೊತ್ತಂಬರಿ ಹರಡಿದರು. ಮಳೆ ಬರುವ ಹಾಗಿತ್ತು, ಆದರೂ ಅಂಗಳದಲ್ಲೇ ಹರಡಿದರು. ನಿನ್ನ ಪೂಜೆಯ ಹೊತ್ತಿಗೆ ಅವರು ಅದರ ಎದುರು ಮೋಂಟುವಿನಲ್ಲಿ, ಆ ಗಿಡ್ಡ ಮಣೆಯಲ್ಲಿ, ಕೂತು ಕಲ್ಲು ಹೆಕ್ಕುತ್ತಾ ಇದ್ದರು. ಮುಖದಲ್ಲಿ ದುಃಖ ಇರಲಿಲ್ಲ. ಹೇಳಿದ ಹಾಗೆ ಕೇಳಿದವರ ಮುಖ ಇರ್ತದಲ್ಲ, ಹಾಗಿತ್ತು. ನನಗೆ ಅದನ್ನೇ ನೋಡಲಿಕ್ಕಾಗಲಿಲ್ಲ.

ನಿನಗೆ ಒಳ್ಳೆಯದಾಗಲಿ ಅಂತ ಬರೆಯಬೇಕು. ಆಗಲಿ.

ನೋಣಯ್ಯ ಮಾಮ


21 ಜೂನ್ 2025

ಪ್ರೀತಿಯ ಮಾಮ,

ನಿಮ್ಮ ಮೂರೂ ಕಾಗದ ಓದಿದೆ. ನಿಮ್ಮ ಮೇಲೆ ನನಗೆ ಬೇಜಾರಿಲ್ಲ. ಮಮ್ಮಿಯ ಮೇಲೂ ಇಲ್ಲ ಎಂದು ಬರೆಯುತ್ತೇನೆ, ಬರೆಯುತ್ತಾ ಬರೆಯುತ್ತಾ ನಿಜವಾಗುತ್ತದೆ.

ಅವರ ಮುಖದಲ್ಲಿ ದುಃಖ ಇರಲಿಲ್ಲ ಎಂದಿರಿ. ಹಾಗಾದರೆ ಅದನ್ನು ಅಲ್ಲಿಗೇ ಬಿಡಿ. ಮಾತೆ ಬೇಡ ಎಂದರು ಎಂದೇ ಅವರು ತಿಳಿದಿರಲಿ. ಫ್ಯಾಕ್ಟರಿಯ ತಪ್ಪು ಎಂದು ಇನ್ನು ಸಾಧಿಸಬೇಡಿ.

ವ್ರತ ಚೆನ್ನಾಗಿ ಆಯಿತು.

ರೇಚಲ್


ಕುಲಶೇಖರ
20 ಜುಲೈ 2025

ಮಗಳೇ,

ನೀನು ಬಿಡಿ ಅಂತ ಬರೆದದ್ದು ಬಂತು. ನನ್ನಿಂದ ಬಿಡಲಿಕ್ಕಾಗಲಿಲ್ಲ. ಆ ಕಾಗದ ಮಾತ್ರ ಬಾಯಮ್ಮ ಕೇಳಿದರೂ ಕೊಡಲಿಲ್ಲ, ಎಲ್ಲಿಯೋ ಇಟ್ಟೆ ಅಂತ ಹೇಳಿದೆ.

ನನ್ನ ತಪ್ಪು ಹೋಗಿ ಮಾತೆಯ ಹೆಸರಿಗೆ ಬಿದ್ದರೆ ಹೇಗೆ ಮಗಳೇ? ನಾನು ನಿಮ್ಮ ಧರ್ಮದವನಲ್ಲ, ಆದರೂ ಕೈ ಮುಗಿಯುವವ. ದಿನಾ ಅದೇ ತಲೆಯಲ್ಲಿ. ಅನ್ನ ಸೇರಲಿಲ್ಲ. "ಇವರಿಗೆ ತಲೆಬಿಸಿ ಮಾಡ್ಲಿಕ್ಕೆ ಯಾರೋ ಸಂಬಳ ಕೊಡ್ತಾರೆ" ಅಂತ ಕಿನ್ನಿ ಊರಿಡೀ ಹೇಳಿದಳು. ಕಡೆಗೆ ಮುಝಮ್ಮಿಲ್ ಸರ್ ಹತ್ತಿರ ಕೇಳಿ, ಅದೇ ಫೋಟೊದ ಪ್ರಿಂಟು ಮೂರು ತುಂಡು ಫಿಲ್ಮಿಗೆ ಹೊಡೆದೆ. ಒಂದಕ್ಕೆ ಟ್ರೀಟ್ ಇಲ್ಲ. ಒಂದಕ್ಕೆ ಬೇಕಾದಷ್ಟು. ಒಂದಕ್ಕೆ ನಾನು ಆವತ್ತು ಕೊಟ್ಟ ಹಾಗೆ ಎರಡು ಸಲ, ಅದನ್ನು ಬಿಗಿ ಸುತ್ತಿ ಮೆಶಿನಿನ ಬಿಸಿ ತಾಗುವಲ್ಲಿ ಭಾರ ಹೇರಿ ಒಂದು ವಾರ ಇಟ್ಟೆ. ನಿನ್ನೆ ಬಾಯಮ್ಮನನ್ನು ಬೈಕಂಪಾಡಿಗೆ ಕರಕೊಂಡು ಹೋದೆ. ಕಿನ್ನಿಯೂ ಬಂದಳು.

ಮೊದಲನೆಯದಕ್ಕೆ ಬಾಯಮ್ಮನ ಕೈಯಲ್ಲೇ ಗಮ್ಟೇಪ್ ಅಂಟಿಸಿ ಎಳೆಸಿದೆ. ಇಡೀ ಮುಖ ಟೇಪಿಗೆ ಬಂತು. ಎರಡನೆಯದರಲ್ಲಿ ಏನೂ ಬರಲಿಲ್ಲ. ಅವರು ಮತ್ತೊಮ್ಮೆ ಎಳೆದರು, ಉಗುರಿನಲ್ಲಿ ಕೆರೆದು ನೋಡಿದರು, ಮುಖ ನಿಂತಿತು. ಮೂರನೆಯದನ್ನು ಅವರೇ ಬಿಚ್ಚಿದರು. ಪರಪರ ಅಂತ ಅದೇ ಶಬ್ದ, ಅದೇ ಅರ್ಧ ಮುಖ.

ನನಗೆ ಎಷ್ಟು ಸಂತೋಷ ಆಯ್ತು ಅಂದರೆ ನಾನು ನಗಾಡಿದೆ. ನೋಡಿ ಬಾಯಮ್ಮ, ನಾನು ಹೇಳಿದ್ದು ಇದೇ ಅಲ್ವಾ ಅಂತ ಹೇಳಿದೆ.

"ಇಷ್ಟೆಯಾ?" ಅಂತ ಕೇಳಿದರು.

"ಇಷ್ಟೇ ಬಾಯಮ್ಮ. ನಾಬ್ ಅಲ್ಲಿ ನಿಲ್ಲಿಸ್ಬೇಕಿತ್ತು, ನಾನು ಇಲ್ಲಿವರೆಗೆ ತಿರುಗಿಸಿದೆ."

"ಹಾಗಾದ್ರೆ ಮಾತೆ ಎಂತದೂ ಹೇಳ್ಲಿಲ್ಲ."

"ಹೇಳ್ಲಿಲ್ಲ."

"ನಾನು ಸುಮ್ಮನೆ ಮನೆಯಲ್ಲಿ ಕೂತದ್ದು."

ನನ್ನ ಬಾಯಲ್ಲಿ ನಗು ಹಾಗೇ ಉಳಿದಿತ್ತು, ಅದನ್ನು ಎಲ್ಲಿ ಇಡಬೇಕು ಅಂತ ಗೊತ್ತಾಗಲಿಲ್ಲ. ಕಿನ್ನಿ ನನ್ನನ್ನು ನೋಡಿದ ನೋಟ ನಾನು ಸಾಯುವವರೆಗೆ ಮರೆಯುವುದಿಲ್ಲ. ಬಾಯಮ್ಮ ಎರಡನೇ ತುಂಡನ್ನು, ಆ ಒಳ್ಳೆಯದನ್ನು, ಸೆರಗಿನಲ್ಲಿ ಒರಸುತ್ತಾ ಇದ್ದರು. ಒರಸಲಿಕ್ಕೆ ಅದರಲ್ಲಿ ಏನೂ ಇರಲಿಲ್ಲ.

ಬಸ್ಸಿನಿಂದ ಮನೆ ಹತ್ತಿರ ಇಳಿದ ಮೇಲೆ, "ಅವಳನ್ನು ನೋಡ್ಲಿಕ್ಕೆ ಯಾವಾಗ ಬಿಡ್ತಾರೆ, ಕೇಳಿ ಬರೀರಿ" ಅಂದರು. ಹಾಗೆ ಬರೆಯುತ್ತಿದ್ದೇನೆ. ಯಾವಾಗ ಬಿಡ್ತಾರೆ?

ನೋಣಯ್ಯ ಮಾಮ


18 ಆಗಸ್ಟ್ 2025

ಪ್ರೀತಿಯ ಮಾಮ,

ಮೊನ್ನೆ ಮಾತೆಯ ಸ್ವರ್ಗಾರೋಹಣದ ಹಬ್ಬಕ್ಕೆ ಮಮ್ಮಿ ಬಂದದ್ದು, ನೀವೂ ಮಾಮಿಯೂ ಹೊರಗಿನ ಕೋಣೆಯಲ್ಲಿ ಕಾದದ್ದು, ಎಲ್ಲಕ್ಕೂ ನಾನು ಋಣಿ. ನೀವು ದಾರಿಯಲ್ಲಿ ವಾಂತಿ ಮಾಡಿಕೊಂಡಿರಂತೆ. ನಿಂಬೆಹಣ್ಣು ಇಟ್ಟುಕೊಳ್ಳಬೇಕಿತ್ತು.

ಒಳಗೆ ಏನು ಮಾತಾಯಿತು ಎಂದು ನೀವು ಕೇಳಲಿಲ್ಲ. ಆದರೆ ನಿಮಗೆ ಗೊತ್ತಿರಬೇಕು, ಇಲ್ಲದಿದ್ದರೆ ನೀವು ನಿಮ್ಮದೇ ರೀತಿಯಲ್ಲಿ ತಿಳಿಯಲು ಹೊರಡುತ್ತೀರಿ.

ಮೊದಲು ಮಮ್ಮಿ ಜಾಲರಿಯನ್ನೇ ನೋಡುತ್ತಿದ್ದರು. ಎಷ್ಟು ಸಣ್ಣ ಕಣ್ಣಿನ ಜಾಲರಿ, ಬೆರಳು ತೂರುವುದಿಲ್ಲ ಎಂದರು. ನನ್ನ ಕನ್ನಡಕದ ನಂಬರ್ ಕೇಳಿದರು. ಗೇಟಿನ ಮಾತನ್ನು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಹೊತ್ತು ಮುಗಿಯಿತು ಎಂದು ಗಂಟೆ ಬಡಿದ ಮೇಲೆ ಎದ್ದು ನಿಂತು ಕೇಳಿದರು, "ಆವತ್ತು ನೀನು ಬಾಗಿಲ ಕಡೆ ನೋಡಿದ್ದಿಯಾ?"

ಮಾಮ, ನಾನು ನೋಡಿದ್ದೆ. ವ್ರತದ ಮಾತು ಹೇಳುವ ಮೊದಲು ನೋಡಿದ್ದೆ, ಹೇಳಿದ ಮೇಲೂ ನೋಡಿದ್ದೆ. ಬೆಂಚಿನ ಮೇಲೆ ಯಾರೋ ಒಂದು ಹೂವಿನ ಬುಟ್ಟಿ ಇಟ್ಟಿದ್ದರು, ಅದನ್ನು ತೆಗೆಯಬಾರದೇ, ಮಮ್ಮಿ ಬಂದರೆ ಎಲ್ಲಿ ಕೂರಬೇಕು ಎಂದು ಪೂಜೆಯ ಕೊನೆಯವರೆಗೂ ಅದೇ ಯೋಚನೆ.

ಮಮ್ಮಿಗೆ ನಾನು ಇಲ್ಲ ಎಂದೆ. ಆ ಹೊತ್ತಿಗೆ ನಾವು ಕಣ್ಣೆತ್ತಬಾರದು, ನೋಡಲಿಲ್ಲ ಎಂದೆ.

ಮದರಿಗೆ ಇದನ್ನು ಹೇಳಿದ್ದೇನೆ. ಇಷ್ಟು ತಿಳಿದರೆ ಸಾಕು, ಇದನ್ನು ನೀವು ಸರಿಪಡಿಸಲು ಹೋಗಬೇಡಿ. ಈ ಸಲವಾದರೂ.

ರೇಚಲ್


ಕುಲಶೇಖರ
31 ಆಗಸ್ಟ್ 2025

ಮಗಳೇ,

ನಿನ್ನ ಕಾಗದ ಓದಿ ಬಟ್ಟಲಿನ ಅಡಿಯಲ್ಲಿ ಇಟ್ಟೆ, ಆಮೇಲೆ ಅಲ್ಲಿಂದ ತೆಗೆದು ಟ್ರಂಕಿನಲ್ಲಿ ಇಟ್ಟೆ, ಆಮೇಲೆ ಒಲೆಗೆ ಹಾಕಿದೆ. ಕಾಗದ ಸುಟ್ಟದ್ದಕ್ಕೆ ಪಾಪ ಉಂಟಾ ಗೊತ್ತಿಲ್ಲ. ಉಂಟಾದರೆ ನನ್ನದು.

ಹಿಂದೆ ಬರುವಾಗ ಬಸ್ಸಿನಲ್ಲಿ ಬಾಯಮ್ಮ ಕಿನ್ನಿಯ ಹತ್ತಿರ, "ಅವಳು ನೋಡ್ಲೇ ಇಲ್ಲವಂತೆ, ಒಳ್ಳೇದಾಯ್ತು" ಅಂದಿದ್ದರು. ಆಗ ನನಗೆ ಅರ್ಥ ಆಗಿರಲಿಲ್ಲ. ಒಳ್ಳೇದಾಯ್ತು ಅಂತ ಸಕಲೇಶಪುರ ದಾಟುವಷ್ಟರಲ್ಲಿ ಮತ್ತೆ ಹೇಳಿದರು. ಆಮೇಲೆ ಕಿಟಕಿಗೆ ತಲೆ ಕೊಟ್ಟರು. ಮನೆಗೆ ಬಂದ ಮೇಲೆ ಅವರು ಸ್ವಲ್ಪ ಹಗುರ ಆಗಿದ್ದಾರೆ, ಅದು ನಿಜ. ಹೊಸ ಪ್ಯಾಕೆಟಿಗೂ ಒಪ್ಪಿದರು. ಆದರೆ ನಿನ್ನೆ ಸಂಜೆ ಮೆಣಸಿನ ತೊಟ್ಟು ಮುರಿಯುತ್ತಾ ಕೂತಿದ್ದವರು ಕೈ ನಿಲ್ಲಿಸಿ, ಯಾರಿಗೂ ಅಲ್ಲ, ಗೋಡೆಗೆ ಹೇಳಿದ ಹಾಗೆ ಹೇಳಿದರು, "ಒಂದು ಸಲ ಕೂಡ ನೋಡ್ಲಿಲ್ಲ ಅಂದ್ರೆ."

ನಾನು ಎದುರೇ ಇದ್ದೆ ಮಗಳೇ. ನೀನು ನೋಡಿದ್ದಿ ಅಂತ ಹೇಳಿದರೆ ಒಂದು ಗಾಯ ಮುಚ್ಚುತ್ತದೆ, ಇನ್ನೊಂದು ತೆರೆಯುತ್ತದೆ. ಎಷ್ಟರವರೆಗೆ ತಿರುಗಿಸಬೇಕು ಅಂತ ನನಗೆ ಈ ಜನ್ಮದಲ್ಲಿ ಗೊತ್ತಾಗುವುದಿಲ್ಲ. ನಾನು ಕೆಳಗೆ ಕೂತು ಅವರ ಜೊತೆ ತೊಟ್ಟು ಮುರಿದೆ. ಕಣ್ಣು ಉರಿಯುವುದಕ್ಕೆ ಅದೊಂದು ನೆಪವೂ ಆಯ್ತು.

ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, "ನಿಮಗೆ ಅವಳ ಕಾಗದ ಬಂದಿದೆಯಂತೆ. ಎಂತ ಬರೆದಿದ್ದಾಳೆ?"

"ಏನಿಲ್ಲ ಬಾಯಮ್ಮ. ಅಲ್ಲಿಯ ಮಳೆ ಬಗ್ಗೆ ಬರೆದಿದ್ದಾಳೆ," ಅಂದೆ.

ತೋರಿಸಿ ಅಂತ ಇನ್ನೂ ಕೇಳಲಿಲ್ಲ. ಇವತ್ತಲ್ಲ ನಾಳೆ ಕೇಳ್ತಾರೆ. ಹಾಗಾಗಿ ಈ ಕಾಗದ ಸಿಕ್ಕಿದ ಕೂಡಲೇ ಅಲ್ಲಿಯ ಮಳೆ ಬಗ್ಗೆ ನಾಲ್ಕು ಗೆರೆ ಬರೆದು ಕಳಿಸು. ತಾರೀಕು ಹದಿನೆಂಟು ಅಂತಲೇ ಹಾಕು.

ನಿನ್ನ,
ನೋಣಯ್ಯ ಮಾಮ